ಶೆಡ್ಡಿನ ಗೋಡೆಗೆ ತಗಡಿನ ಮಾರುತ್

ನಮ್ಮ ಹೊಸೂರು ಕಡೆಯವರಿಗೆ ವಿಮಾನ ದೂರದ ವಸ್ತುವಲ್ಲ. ಬೆಳಗೊಂಡಪಲ್ಲಿಯಲ್ಲೇ ರನ್‌ವೇ ಇದೆ, ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋದರೆ ಎಚ್‌ಎಎಲ್ ವಿಮಾನ ಕಾರ್ಖಾನೆ. ಆದರೂ ವರ್ಕ್‌ಶಾಪ್ ಗೋಡೆಗೆ ವಿಮಾನ ಬೇಕು ಅಂದಾಗ ಯಾವುದೋ ವಿದೇಶಿ ವಿಮಾನದ ಪೋಸ್ಟರ್ ತಂದು ಅಂಟಿಸುತ್ತೇವೆ. ಅದರ ಬದಲು ತಗಡಿನಲ್ಲಿ ಮಾರುತ್ ಮಾಡಿ ಪ್ಲೈವುಡ್ ಮೇಲೆ ಕೂರಿಸಿ. ಎಚ್‌ಎಫ್-24 ಮಾರುತ್, ಜರ್ಮನಿಯ ವಿಮಾನ ವಿನ್ಯಾಸಕ ಕರ್ಟ್ ಟ್ಯಾಂಕ್ ಜೊತೆ ನಮ್ಮವರು ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಜೆಟ್, ಮೊದಲು ಹಾರಿದ್ದು 1961ರ ಜೂನ್ 17ರಂದು, 1971ರ ಯುದ್ಧದಲ್ಲೂ ಹಾರಿತು. ತಗಡು, ರಿವೆಟ್ ಎರಡೂ ನಮ್ಮ ಕೈಗೆ ಒಗ್ಗಿದ ಕೆಲಸ, ಅಲ್ವಾ?

ಮೊದಲು ಅಳತೆ. ನಿಜವಾದ ಮಾರುತ್ 15.87 ಮೀಟರ್ ಉದ್ದ, ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್. ಅದನ್ನು 15ರಿಂದ ಭಾಗಿಸಿ. 106 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಬರುತ್ತದೆ. 4 ಅಡಿಗೆ ಎರಡೂವರೆ ಅಡಿ ಪ್ಲೈವುಡ್ ಮೇಲೆ ಸರಿಯಾಗಿ ಕೂರುತ್ತದೆ. ಮೇಲಿಂದ ನೋಡಿದಂತಿರುವ ನಕ್ಷೆಯನ್ನು 10.6 ಸೆಂ.ಮೀ. ಉದ್ದಕ್ಕೆ ಪ್ರಿಂಟ್ ತೆಗೆಸಿ, ಅದರ ಮೇಲೆ 1 ಸೆಂ.ಮೀ. ಚೌಕ ಹಾಕಿ, ದೊಡ್ಡ ಕಾಗದದಲ್ಲಿ 10 ಸೆಂ.ಮೀ. ಚೌಕ ಹಾಕಿ, ಒಂದೊಂದೇ ಚೌಕ ನೋಡಿ ಬರೆಯಿರಿ. ಅರ್ಧ ವಿಮಾನ ಬರೆದರೆ ಸಾಕು. ಕಾಗದವನ್ನು ಮಧ್ಯಕ್ಕೆ ಮಡಿಸಿ ಕತ್ತರಿಸಿದರೆ ಎರಡೂ ಕಡೆ ಸಮ ಇರುತ್ತದೆ.

ಇಲ್ಲಿ ಎಲ್ಲರೂ ತಪ್ಪುವುದು ಸೊಂಟದಲ್ಲಿ. ರೆಕ್ಕೆ ಸೇರುವ ಕಡೆ ಮಾರುತ್‌ನ ಮೈ ಸ್ವಲ್ಪ ಒಳಗೆ ಸಣ್ಣಗಾಗುತ್ತದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು. ಅಲ್ಲಿ ನೇರ ಗೆರೆ ಎಳೆದುಬಿಟ್ಟರೆ ಅದು ಮಾರುತ್ ಆಗುವುದಿಲ್ಲ, ಸುಮ್ನೆ ಒಂದು ವಿಮಾನ ಆಗುತ್ತದೆ. ಅನುಮಾನ ಬಂದರೆ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ನಿಜವಾದದ್ದೇ ನಿಂತಿದೆ, ಹೋಗಿ ಸುತ್ತ ನಡೆದು ನೋಡಿ ಬನ್ನಿ.

ತಗಡು 0.8 ಮಿ.ಮೀ. ಅಲ್ಯೂಮಿನಿಯಂ ಸಾಕು. ಪೆನ್ಸಿಲ್‌ನಲ್ಲಾಗಲಿ ಮೊಳೆಯಲ್ಲಾಗಲಿ ಗೆರೆ ಎಳೆಯಬೇಡಿ. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಅಲ್ಯೂಮಿನಿಯಂ ತಿನ್ನುತ್ತದೆ, ಗೀರಿದ ಕಡೆ ಬಿರುಕು ಶುರುವಾಗುತ್ತದೆ. ವಿಮಾನ ರಿಪೇರಿಯಲ್ಲೂ ಇದೇ ನಿಯಮ. ಸಣ್ಣ ತುದಿಯ ಮಾರ್ಕರ್ ಬಳಸಿ. ಮೈ, ಎರಡು ರೆಕ್ಕೆ, ಬಾಲದ ಎರಡು ಚಿಕ್ಕ ರೆಕ್ಕೆ, ಇವನ್ನು ಬೇರೆ ಬೇರೆ ಕತ್ತರಿಸಿ, ರೆಕ್ಕೆಗಳು ಮೈ ಕೆಳಗೆ ಸೇರುವ ಕಡೆ 20 ಮಿ.ಮೀ. ಜಾಸ್ತಿ ಬಿಡಿ. ಗೆರೆಯಿಂದ 2 ಮಿ.ಮೀ. ಹೊರಗೆ ಕತ್ತರಿಸಿ ಆಮೇಲೆ ಅರದಿಂದ ಉಜ್ಜಿ ಗೆರೆಗೆ ತನ್ನಿ. ಕತ್ತರಿಯ ಬಾಯಿ ಪೂರ್ತಿ ಮುಚ್ಚಬೇಡಿ, ಮುಚ್ಚಿದ ಕಡೆಯೆಲ್ಲ ಅಂಚಿನಲ್ಲಿ ಹಲ್ಲು ಮೂಡುತ್ತದೆ. ಕೈಗವಸು ಇರಲಿ.

ಸೇರಿಸುವ ಮೊದಲೇ 320 ನಂಬರ್ ಉಪ್ಪು ಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿ. ಮೈಯನ್ನು ಉದ್ದಕ್ಕೆ, ರೆಕ್ಕೆಯನ್ನು ಅಡ್ಡಕ್ಕೆ. ಬೆಳಕು ಬಿದ್ದಾಗ ಎರಡೂ ಬೇರೆ ಬೇರೆಯಾಗಿ ಹೊಳೆಯುತ್ತವೆ.

ರಿವೆಟ್ 3.2 ಮಿ.ಮೀ., ಅಲ್ಯೂಮಿನಿಯಂನದ್ದೇ ತನ್ನಿ. ತೂತಿಗೆ 3.3 ಮಿ.ಮೀ. ಡ್ರಿಲ್ ಬಿಟ್. ಅಂಚಿನಿಂದ ರಿವೆಟ್ ನಡುವಿಗೆ ರಿವೆಟ್ ದಪ್ಪದ ಎರಡರಷ್ಟಾದರೂ ಜಾಗ ಬೇಕು, ನಾನು 8 ಮಿ.ಮೀ. ಬಿಡುತ್ತೇನೆ. ಒಂದಕ್ಕೊಂದಕ್ಕೆ 25 ಮಿ.ಮೀ. ದೂರ. ಸಾಲು ಸೊಟ್ಟಗಾದರೆ ಎದ್ದು ಕಾಣುತ್ತದೆ, ಹಾಗಾಗಿ ಪ್ರತಿ ತೂತಿಗೂ ಸೆಂಟರ್ ಪಂಚ್ ಹೊಡೆಯಿರಿ.

ಇನ್ನು ಪ್ಲೈವುಡ್‌ಗೆ ಕೂರಿಸುವುದು. ಮೊದಲ ಸಲ ನಾನು ಸುತ್ತಲೂ ಸ್ಕ್ರೂ ಬಿಗಿದುಬಿಟ್ಟಿದ್ದೆ. ಜನವರಿಯಲ್ಲಿ ಚೆನ್ನಾಗಿಯೇ ಇತ್ತು. ಏಪ್ರಿಲ್ ಬಂತು, ಸಿಮೆಂಟ್ ಶೀಟಿನ ಕೆಳಗೆ ಕಾದ ಶೆಡ್ಡಿನಲ್ಲಿ ಮಧ್ಯಾಹ್ನ ಆದರೆ ಡಬ್ಬದ ಮುಚ್ಚಳ ಒತ್ತಿದ ಹಾಗೆ ಟಕ್, ಟಕ್. "ಅಣ್ಣಾ, ಬೋರ್ಡ್ ಒಳಗೆ ಏನೋ ಸೇರಿಕೊಂಡಿದೆ" ಅಂದ ನಮ್ಮ ಹುಡುಗ. ಹೋಗಿ ನೋಡಿದರೆ ತಗಡು ಹೊಟ್ಟೆ ಉಬ್ಬಿಸಿತ್ತು. ಅಲ್ಯೂಮಿನಿಯಂ ಬಿಸಿಗೆ ಪ್ಲೈವುಡ್‌ಗಿಂತ ಜಾಸ್ತಿ ಹಿಗ್ಗುತ್ತದೆ. ಇಷ್ಟುದ್ದದ ತಗಡು 30 ಡಿಗ್ರಿ ಏರಿಕೆಗೆ ಮುಕ್ಕಾಲು ಮಿ.ಮೀ. ಬೆಳೆಯುತ್ತದೆ. ಅಷ್ಟೇ ಸಾಕು ಉಬ್ಬುವುದಕ್ಕೆ. ಈಗ ನಡುವೆ ಒಂದೇ ಸ್ಕ್ರೂ ಬಿಗಿ ಮಾಡುತ್ತೇನೆ. ಉಳಿದ ತೂತುಗಳನ್ನು ನಡುವಿನ ಸ್ಕ್ರೂ ಕಡೆಗೆ ತಿರುಗಿದ ಹಾಗೆ ಉದ್ದಕ್ಕೆ ಅರದಿಂದ ಕೊರೆದು, ಸ್ಕ್ರೂ ಸ್ವಲ್ಪ ಸಡಿಲ ಬಿಡುತ್ತೇನೆ. ತಗಡಿಗೂ ಪ್ಲೈವುಡ್‌ಗೂ ನಡುವೆ ಒಂದಿಂಚು ಉದ್ದದ ಪೈಪ್ ತುಂಡು ಕೊಟ್ಟರೆ ವಿಮಾನ ಗೋಡೆಯಿಂದ ಎದ್ದು ನಿಂತು, ಹಿಂದೆ ನೆರಳು ಬೀಳುತ್ತದೆ. ಪ್ಲೈವುಡ್‌ಗೆ ಕಡು ನೀಲಿ ಬಳಿದಿರಿ ಅಂದರೆ ಆ ನೆರಳು ಕಾಣುವುದೇ ಇಲ್ಲ. ತಿಳಿ ಬೂದು ಒಳ್ಳೆಯದು.

ರೆಕ್ಕೆ ಮೇಲಿನ ವಾಯುಪಡೆಯ ಗುರುತಿಗೆ ಆ ಜಾಗ ಥಿನ್ನರ್‌ನಲ್ಲಿ ಒರೆಸಿ, ಎಚ್ (etch) ಪ್ರೈಮರ್, ಅಂದರೆ ಲೋಹಕ್ಕೆ ಕಚ್ಚಿಕೊಳ್ಳುವ ಪ್ರೈಮರ್ ಹಾಕಿ. ಬರೀ ಅಲ್ಯೂಮಿನಿಯಂಗೆ ಬಣ್ಣ ನಿಲ್ಲುವುದಿಲ್ಲ. ದೊಡ್ಡ ಹಸಿರು ವೃತ್ತ ಮೊದಲು, ಅದರೊಳಗೆ ಬಿಳಿ, ನಡುವೆ ಕೇಸರಿ. ತುಂಬ ಜನ ಕೇಸರಿಯನ್ನು ಹೊರಗೆ ಹಾಕುತ್ತಾರೆ, ಅದು ತಪ್ಪು.

12 ಮಿ.ಮೀ. ಪ್ಲೈವುಡ್ ಆದರೆ ಎಲ್ಲ ಸೇರಿ ಏಳೆಂಟು ಕಿಲೋ ತೂಗುತ್ತದೆ. ತಗಡಿನ ಗೋಡೆಯಾದರೆ ತಗಡಿಗೆ ತೂಗಿಸಬೇಡಿ, ಹಿಂದಿನ ಕಬ್ಬಿಣದ ಆಂಗಲ್‌ಗೆ ಬೋಲ್ಟ್ ಹಾಕಿ. ಟ್ಯೂಬ್‌ಲೈಟ್ ಎದುರಿಗಲ್ಲ, ಮೇಲಿಂದ ಓರೆಯಾಗಿ ಬೀಳುವ ಕಡೆ ಹಾಕಿ, ಒಂದೊಂದು ರಿವೆಟ್ ತಲೆಯೂ ಎಣಿಸುವಷ್ಟು ಸ್ಪಷ್ಟ ಕಾಣುತ್ತದೆ.