ಸ್ಕ್ಲೆರೋಡರ್ಮಾದಲ್ಲಿ ಶ್ವಾಸಕೋಶದ ಅಧಿಕ ರಕ್ತದೊತ್ತಡ: ಎಕೋ ಒಂದನ್ನೇ ನೆಚ್ಚದೆ ಪತ್ತೆ ಹಚ್ಚುವ ನನ್ನ ಕ್ರಮ

ಸಿಸ್ಟಮಿಕ್ ಸ್ಕ್ಲೆರೋಸಿಸ್ (ಚರ್ಮದ ಜೊತೆ ಒಳ ಅಂಗಗಳೂ ಗಡುಸಾಗುವ ಸ್ಕ್ಲೆರೋಡರ್ಮಾ) ಇರುವವರು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದರೆ, ‘ಎಕೋ ನಾರ್ಮಲ್’ ಎಂಬ ಹೃದಯದ ಅಲ್ಟ್ರಾಸೌಂಡ್ ವರದಿ ನೋಡಿ ಸುಮ್ಮನಾಗುವುದಿಲ್ಲ. ಎಕೋ ಒತ್ತಡವನ್ನು ಅಂದಾಜಿಸುವುದು ಹೃದಯದ ಬಲಗಡೆಯ ಟ್ರೈಕಸ್ಪಿಡ್ ಕವಾಟದ ಸೋರಿಕೆಯ ವೇಗದಿಂದ; ಆ ಸೋರಿಕೆ ಡಾಪ್ಲರ್‌ನಲ್ಲಿ ಸರಿಯಾಗಿ ಸಿಗದಿದ್ದರೆ ಒತ್ತಡದ ಅಂದಾಜೇ ಆಗಿಲ್ಲ ಎಂದರ್ಥ.

ದೂರು ಇಲ್ಲದಿದ್ದರೂ ವರ್ಷಕ್ಕೊಮ್ಮೆ ಎಕೋ, ಪಿಎಫ್‌ಟಿ (ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ), ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಮೇಲಿನ ಒತ್ತಡ ತೋರುವ ರಕ್ತಪರೀಕ್ಷೆ) ಮಾಡಿಸುತ್ತೇನೆ. ಮೊದಲು ನೋಡುವುದು ಡಿಎಲ್‌ಸಿಒ, ಅಂದರೆ ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ. ಎಫ್‌ವಿಸಿ (ಒಂದೇ ಉಸಿರಿಗೆ ಜೋರಾಗಿ ಊದಿ ಹೊರಹಾಕುವ ಒಟ್ಟು ಗಾಳಿ) ಹಾಗೇ ಇದ್ದು ಇದೊಂದೇ ಇಳಿಯುತ್ತ ಬಂದರೆ ರಕ್ತನಾಳಗಳ ಮೇಲೆ ಅನುಮಾನ. ಎರಡೂ ಜೊತೆಗೆ ಕುಸಿದರೆ ಫೈಬ್ರೋಸಿಸ್ (ಶ್ವಾಸಕೋಶ ಕಲೆಗಟ್ಟಿ ಗಡುಸಾಗುವುದು) ಕಡೆಗೆ. ಎಫ್‌ವಿಸಿ ಶೇಕಡಾವನ್ನು ಡಿಎಲ್‌ಸಿಒ ಶೇಕಡಾದಿಂದ ಭಾಗಿಸಿದಾಗ 1.6 ದಾಟಿದರೆ ಬಿಡುವುದಿಲ್ಲ. ಆದರೆ ಅಂಕಿ ನಂಬುವ ಮುಂಚೆ ಪರೀಕ್ಷೆ ಹೇಗೆ ನಡೆಯಿತೆಂದು ಕೇಳಬೇಕು. ಚರ್ಮ ಬಿಗಿದು ಬಾಯಿ ಕಿರಿದಾದವರಲ್ಲಿ ಮೌತ್‌ಪೀಸ್ ಸುತ್ತ ಗಾಳಿ ಸೋರುತ್ತದೆ. ಹೊಟ್ಟೆಯೊಳಗೆ ಸಣ್ಣಗೆ ರಕ್ತ ಒಸರಿ ಹಿಮೋಗ್ಲೋಬಿನ್ ಇಳಿದಿದ್ದರೂ ಡಿಎಲ್‌ಸಿಒ ಕಡಿಮೆ ಬರುತ್ತದೆ. ಅದಕ್ಕೆ ತಕ್ಕ ತಿದ್ದುಪಡಿ ಬೇಕೇಬೇಕು. ಆಕ್ಸಿಮೀಟರ್ ಕೂಡ ಹಾಗೇ: ರೇನೋ (ಚಳಿಗೆ ಬೆರಳಿನ ರಕ್ತನಾಳ ಬಿಗಿಯುವುದು) ಇರುವ ತಣ್ಣಗಿನ ಬೆರಳಿಗೆ ಹಾಕಿದರೆ ಸುಳ್ಳು ಹೇಳುತ್ತದೆ, ಹಣೆಗೆ ಅಥವಾ ಕಿವಿಗೆ ಹಾಕಿ.

ಕಾಯಿಲೆಗೆ 3 ವರ್ಷ ಮೀರಿ, ಡಿಎಲ್‌ಸಿಒ ಶೇ. 60ಕ್ಕಿಂತ ಕೆಳಗಿದ್ದರೆ ಡಿಟೆಕ್ಟ್ (ಈ ಒತ್ತಡ ಯಾರಿಗಿರಬಹುದೆಂದು ಅಂಕ ಕೊಟ್ಟು ಸೋಸುವ ಎರಡು ಹಂತದ ಸೂತ್ರ) ಲೆಕ್ಕ ಹಾಕುತ್ತೇನೆ. ಅದರ ಮೊದಲ ಹಂತಕ್ಕೆ ಎಕೋ ಬೇಡ: ಮೇಲಿನ ಅನುಪಾತ, ಟೆಲಂಜಿಯೆಕ್ಟೇಸಿಯಾ (ಚರ್ಮದ ಮೇಲೆ ಹಿಗ್ಗಿದ ಸಣ್ಣ ಕೆಂಪು ರಕ್ತನಾಳಗಳು), ಆಂಟಿ-ಸೆಂಟ್ರೊಮಿಯರ್ ಪ್ರತಿಕಾಯ, ಎನ್‌ಟಿ-ಪ್ರೊಬಿಎನ್‌ಪಿ, ಯೂರಿಕ್ ಆಮ್ಲ, ಇಸಿಜಿಯಲ್ಲಿ ಬಲ ಅಕ್ಷ. ಅಂಕ 300 ಮೀರಿದರೆ ಎಕೋ. ಅದರಲ್ಲಿ ಸೋರಿಕೆಯ ವೇಗ, ಬಲ ಹೃತ್ಕರ್ಣದ ವಿಸ್ತೀರ್ಣ ಸೇರಿಸಿ ಅಂಕ 35 ಮೀರಿದರೆ ಕ್ಯಾಥ್ (ರಕ್ತನಾಳದ ಮೂಲಕ ಹೃದಯಕ್ಕೆ ಕೊಳವೆ ಕಳಿಸಿ ಒತ್ತಡ ಅಳೆಯುವುದು).

ರೋಗನಿರ್ಣಯ ಆಗುವುದು ಬಲ ಹೃದಯದ ಕ್ಯಾಥ್‌ನಲ್ಲೇ. ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 20 ಎಂಎಂ ಮೀರಿ, ವೆಡ್ಜ್ (ಎಡ ಹೃದಯದ ಒತ್ತಡ ಸೂಚಿಸುವ ಅಳತೆ) 15 ಅಥವಾ ಕಡಿಮೆ, ಪಿವಿಆರ್ (ಶ್ವಾಸಕೋಶದ ರಕ್ತನಾಳಗಳ ಪ್ರತಿರೋಧ) 2 ವುಡ್ ಯೂನಿಟ್‌ಗಿಂತ ಹೆಚ್ಚಿದ್ದರೆ ಪ್ರೀಕ್ಯಾಪಿಲರಿ, ಅಂದರೆ ಎಡ ಹೃದಯದಿಂದ ಬಂದದ್ದಲ್ಲ. ಎಡವುವುದು ವೆಡ್ಜ್‌ನಲ್ಲಿ. ಉಸಿರು ಬಿಟ್ಟ ಕೊನೆಯಲ್ಲಿ ಅಲೆ ನೋಡಿ ಓದಬೇಕು. ಯಂತ್ರ ಕೊಡುವ ಸರಾಸರಿ ಸಾಲದು. ಈ ಕಾಯಿಲೆಯಲ್ಲಿ ಎಡಗಡೆಯ ಹೃದಯವೂ ಪೆಡಸಾಗಿರುತ್ತದೆ, ಡೈಯುರೆಟಿಕ್ (ಮೂತ್ರ ಹೆಚ್ಚಿಸುವ ಔಷಧ) ಅದನ್ನು ಮರೆಮಾಚುತ್ತದೆ. ವೆಡ್ಜ್ 13–15ರಲ್ಲಿ ನಿಂತು ಎಡ ಹೃತ್ಕರ್ಣ ಹಿಗ್ಗಿದ್ದರೆ, 500 ಎಂಎಲ್ ಸಲೈನ್ 5 ನಿಮಿಷದಲ್ಲಿ ಕೊಟ್ಟು ಮತ್ತೆ ಅಳೆಯುತ್ತೇನೆ. 18 ಮುಟ್ಟಿದರೆ ತೊಂದರೆ ಎಡಗಡೆಯದು. ವಾಸೊರಿಯಾಕ್ಟಿವಿಟಿ ಪರೀಕ್ಷೆ (ಔಷಧಕ್ಕೆ ರಕ್ತನಾಳ ಹಿಗ್ಗುತ್ತದೆಯೇ ಎಂದು ನೋಡುವುದು) ಇವರಿಗೆ ಮಾಡುವುದಿಲ್ಲ, ಅದು ಚಿಕಿತ್ಸೆಯನ್ನು ಬದಲಿಸದು.

ಹಳೆಯ ರಕ್ತಗಂಟು ಇಲ್ಲವೆನ್ನಲು ವಿ/ಕ್ಯೂ ಸ್ಕ್ಯಾನ್ (ಶ್ವಾಸಕೋಶದಲ್ಲಿ ಗಾಳಿ, ರಕ್ತದ ಹರಿವು ಹೋಲಿಸುವುದು), ಫೈಬ್ರೋಸಿಸ್ ಎಷ್ಟಿದೆಯೆಂದು ತಿಳಿಯಲು ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್). ಅದೇ ಸಿಟಿಯಲ್ಲಿ ಸೆಪ್ಟಲ್ ಗೆರೆಗಳು, ಗ್ರೌಂಡ್-ಗ್ಲಾಸ್ ಮಚ್ಚೆಗಳು, ಊದಿದ ಲಿಂಫ್ ಗ್ರಂಥಿಗಳು ಒಟ್ಟಿಗೆ ಕಂಡರೆ ಪಿವಿಒಡಿ (ಶ್ವಾಸಕೋಶದ ಸಣ್ಣ ಅಭಿಧಮನಿಗಳು ಮುಚ್ಚಿಹೋಗುವ ಕಾಯಿಲೆ) ಶಂಕೆ. ಅಂಥವರಿಗೆ ರಕ್ತನಾಳ ಹಿಗ್ಗಿಸುವ ಔಷಧ ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹಾಗಾಗಿ ಮೊದಲ ಡೋಸ್‌ಗೂ ಮುನ್ನ ಆ ಸಿಟಿಯನ್ನು ರೇಡಿಯಾಲಜಿಸ್ಟ್ ಜೊತೆ ಕೂತು ಮತ್ತೊಮ್ಮೆ ನೋಡುತ್ತೇನೆ.