ಉಪ್ಪುನೀರಿನ ಮೊದಲ ಟ್ಯಾಂಕು: ನನ್ನ ಅನುಭವ

ಹತ್ತು ವರ್ಷ ಗಪ್ಪಿ, ಗೋಲ್ಡ್‌ಫಿಶ್ ಸಾಕಿದ ಮೇಲೆ, ಎರಡು ವರ್ಷಗಳ ಹಿಂದೆ ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಸಮುದ್ರದ ಮೀನುಗಳಿಗಾಗಿ ಒಂದು ಸಣ್ಣ ಟ್ಯಾಂಕನ್ನು ಸಿದ್ಧಪಡಿಸಿದೆ. ಎರಡು ಅಡಿ ಉದ್ದ, ಹದಿನೈದು ಇಂಚು ಅಗಲ, ಅಷ್ಟೇ ಎತ್ತರ; ಮರಳು, ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ಅದರಲ್ಲಿ ಹಿಡಿಯುವ ನೀರು ಸುಮಾರು 65 ಲೀಟರ್. ನೀರು, ಕಲ್ಲು, ಗಾಜು ಎಲ್ಲ ಸೇರಿ ನೂರು ಕಿಲೋ ದಾಟುವುದರಿಂದ ಸ್ಟ್ಯಾಂಡನ್ನು ಗೋಡೆಯ ಪಕ್ಕಕ್ಕೆ, ಬಿಸಿಲು ಬೀಳದ ಕಡೆ ಇಟ್ಟು, ರಸಮಟ್ಟದಿಂದ ಮಟ್ಟ ನೋಡಿ, ಗಾಜಿನ ಅಡಿಗೆ ಥರ್ಮಾಕೋಲ್ ಹಾಸಿದೆ.

ಮೊದಲ ತೊಡಕು ನೀರಿನದೇ ಆಗಿತ್ತು. ನಮ್ಮ ಬೋರ್‌ವೆಲ್ ನೀರು ಈ ಕೆಲಸಕ್ಕೆ ಬಾರದು. ಅಡುಗೆಮನೆಯ ಆರ್‌ಓ ಯಂತ್ರದ ನೀರಾದರೆ ಸಾಕೆಂದುಕೊಂಡು ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 70 ತೋರಿಸಿತು. ಕುಡಿಯಲು ರುಚಿ ಇರಲೆಂದು ಶೋಧಿಸದ ನೀರನ್ನು ಒಂದಿಷ್ಟು ಬೆರೆಸುವ ಪುಟ್ಟ ತಿರುಪು ಆ ಯಂತ್ರದೊಳಗೇ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಸರ್ವಿಸ್‌ಗೆ ಬಂದವರಿಂದ ಅದನ್ನು ಪೂರ್ತಿ ಮುಚ್ಚಿಸಿದಾಗ 14ಕ್ಕೆ ಇಳಿಯಿತು. ಕೊನೆಯಲ್ಲಿ ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ತುಂಬಿದ ಒಂದು ಕೊಳವೆ ಜೋಡಿಸಿದ ಮೇಲೆ ಸೊನ್ನೆಯಾಯಿತು. ಈ ಹಂತದಲ್ಲಿ ಉದಾಸೀನ ಮಾಡಿದರೆ ನೀರಿನಲ್ಲಿ ಉಳಿಯುವ ಸಿಲಿಕೇಟ್, ನೈಟ್ರೇಟ್‌ಗಳು ಮುಂದೆ ಕಂದು ಪಾಚಿಯಾಗಿ ಗಾಜಿಗೆ ಮೆತ್ತಿಕೊಳ್ಳುತ್ತವೆ.

ಉಪ್ಪಿನ ವಿಷಯದಲ್ಲಿ ಕುಮಟಾದ ನನ್ನ ಸೋದರಮಾವನಿಗೆ ಇಂದಿಗೂ ಸಮಾಧಾನವಿಲ್ಲ. "ಪಾಕೀಟಿನ ಉಪ್ಪು ಎಂತಕ್ಕೆ ಮಾರಾಯ, ನಮ್ಮ ಸಾಣಿಕಟ್ಟಾ ಉಪ್ಪು ಒಂದು ಮೂಟೆ ಕಳಿಸುತ್ತೇನೆ" ಎಂದಿದ್ದರು. ಗದ್ದೆಯಲ್ಲಿ ಬೆಳೆಯುವ ಉಪ್ಪು ಸಮುದ್ರದ್ದೇ ಆದರೂ ಅದು ಇಡೀ ಸಮುದ್ರವಲ್ಲ. ಕಡಲ ನೀರಿನ ಲವಣದಲ್ಲಿ ನೂರಕ್ಕೆ ಸುಮಾರು 85 ಪಾಲು ಸೋಡಿಯಂ ಮತ್ತು ಕ್ಲೋರೈಡ್. ಉಳಿದದ್ದರಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಖ್ಯವಾದವು. ನೀರು ಆರುತ್ತಾ ಬಂದಂತೆ ಕ್ಯಾಲ್ಸಿಯಂನ ಬಹುಪಾಲು ಜಿಪ್ಸಂ ಆಗಿ ಮೊದಲೇ ತಳಕ್ಕೆ ಕೂರುತ್ತದೆ, ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಹೊರಟುಹೋಗುತ್ತದೆ. ಊಟಕ್ಕೆ ಅದೇ ಒಳ್ಳೆಯದು, ಮೀನಿಗೆ ಮಾತ್ರ ಸಾಲದು. ಕಡಲ ನೀರನ್ನೇ ಕ್ಯಾನಿನಲ್ಲಿ ತರುವ ಯೋಚನೆಯನ್ನೂ ಬಿಟ್ಟೆ: ಹೊಳೆಗಳು ಬಂದು ಸೇರುವ ಆ ತೀರದಲ್ಲಿ ಮಳೆಗಾಲದ ನೀರು ಸಪ್ಪೆಯಾಗುತ್ತದೆ, ಸಾಲದ್ದಕ್ಕೆ ಮೇಲಿನಿಂದ ಕೊಚ್ಚಿಕೊಂಡು ಬಂದದ್ದೆಲ್ಲ ಅದರಲ್ಲಿರುತ್ತದೆ. ಹಾಗಾಗಿ ಅಕ್ವೇರಿಯಂಗೆಂದೇ ಮಾರುವ ಉಪ್ಪನ್ನು ಬಕೆಟ್ಟಿನಲ್ಲಿ ಕರಗಿಸಿ, ಒಂದು ದಿನ ಪಂಪಿನಿಂದ ಕಲಕಿ, ರಿಫ್ರ್ಯಾಕ್ಟೋಮೀಟರ್‌ನಲ್ಲಿ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು ಉಪ್ಪು, ಬಂದ ಮೇಲೆಯೇ ಟ್ಯಾಂಕಿಗೆ ಸುರಿದೆ.

ಸಲಕರಣೆಗಳ ಪಟ್ಟಿ ದೊಡ್ಡದೇನಲ್ಲ. ಹಿಂಬದಿಗೆ ತಗುಲಿಹಾಕುವ ಒಂದು ಫಿಲ್ಟರ್, ನೀರನ್ನು ಸದಾ ಓಡಾಡಿಸುವ ಒಂದು ವೇವ್‌ಮೇಕರ್, 100 ವಾಟ್‌ನ ಹೀಟರ್, ಸಾಧಾರಣ ಎಲ್‌ಇಡಿ ದೀಪ. ಬೆಂಗಳೂರಿಗೆ ಹೀಟರ್ ಯಾಕೆ ಎಂದು ಕೇಳಿದವರುಂಟು. ಜನವರಿಯ ರಾತ್ರಿಗಳಲ್ಲಿ ಅದಿಲ್ಲದೆ 26 ಡಿಗ್ರಿ ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಸಮಸ್ಯೆ ತಿರುಗಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಡಬೇಕಾಗುತ್ತದೆ; ಆವಿಯಾಗುವಾಗ ನೀರು ಎರಡು ಡಿಗ್ರಿ ತಣ್ಣಗಾಗುತ್ತದೆ. ವೇವ್‌ಮೇಕರ್‌ನ ವೈರನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲಕ್ಕೆ ಒಯ್ಯಬೇಕು. ನಾನು ಹಾಗೆ ಮಾಡದೆ ಇದ್ದುದರಿಂದ ಉಪ್ಪುನೀರು ವೈರಿನ ಗುಂಟ ಹರಿದು ಸಾಕೆಟ್ಟಿನ ತೂತುಗಳ ಸುತ್ತ ಬೆಳ್ಳಗೆ ಹರಳುಗಟ್ಟಿತ್ತು.

ಕಲ್ಲಿನ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಬಂಡೆ ಕಟ್ಟುವ ಹವಳಗಳೂ ಕಡಲಕುದುರೆಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿಗಿರುವಷ್ಟೇ ರಕ್ಷಣೆ ಅವಕ್ಕೂ ಇದೆ. ಅಂಗಡಿಯಲ್ಲಿ ಪಿಸುಮಾತಿನಲ್ಲಿ ತೋರಿಸುವ ಹವಳದ ತುಂಡುಗಳನ್ನು ನಾನು ಕೊಳ್ಳಲಿಲ್ಲ. ಸಿರಾಮಿಕ್‌ನಲ್ಲಿ ಮಾಡಿದ, ಒಳಗೆಲ್ಲ ಸಣ್ಣ ರಂಧ್ರಗಳಿರುವ ಎಂಟು ಕಿಲೋ ಕಲ್ಲು ತಂದೆ. ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಆ ರಂಧ್ರಗಳು.

ಈ ಬ್ಯಾಕ್ಟೀರಿಯಾಗಳು ಕೊಳೆತದ್ದರಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ; ಅವು ನೆಲೆಯೂರಲು ಮೀನಿಲ್ಲದೆ ಕಾಯಬೇಕು. ಅಂಗಡಿಯವರು ಈ ಕೆಲಸಕ್ಕೆ ಅಗ್ಗದ ನೀಲಿ ಡ್ಯಾಮ್ಸೆಲ್‌ಗಳನ್ನು ಬಿಡಿ ಎಂದರು. ಅಮೋನಿಯಾದಲ್ಲಿ ಮೀನನ್ನು ನರಳಿಸುವುದು ಒಂದು ತಪ್ಪು. ಬದುಕಿ ಉಳಿದ ಡ್ಯಾಮ್ಸೆಲ್ ಆಮೇಲೆ ಬಂದವರನ್ನೆಲ್ಲ ಅಟ್ಟಾಡಿಸುತ್ತದೆ ಎನ್ನುವುದು ಇನ್ನೊಂದು. ನಾನು ಮಾರುಕಟ್ಟೆಯಿಂದ ಒಂದು ಹಸಿ ಸಿಗಡಿ ತಂದು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟೆ. ಹಾಲ್‌ನಲ್ಲಿ ಒಂದು ವಾರ ಕೂರಲಾಗದಷ್ಟು ವಾಸನೆ. ಐದನೆಯ ದಿನ ಅಮೋನಿಯಾ 2 ಪಿಪಿಎಂ ಮುಟ್ಟಿತು, ಮೂರನೆಯ ವಾರ ಅದು ಇಳಿಯುತ್ತಾ ನೈಟ್ರೈಟ್ ಏರಿತು, 38ನೆಯ ದಿನ ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಉಳಿಯಿತು. ಅರ್ಧ ನೀರು ಬದಲಾಯಿಸಿ ಮೀನು ತರಲು ಹೊರಟೆ.

ತಂದದ್ದು ಎರಡು ಆಸೆಲ್ಲಾರಿಸ್ ಕ್ಲೌನ್‌ಫಿಶ್, ಹ್ಯಾಚರಿಯಲ್ಲಿ ಹುಟ್ಟಿದವು. ಕಡಲಿನಿಂದ ಹಿಡಿದ ಮೀನಿಗಿಂತ ಇವು ಗಟ್ಟಿ, ಕೊಟ್ಟ ಕಾಳನ್ನು ಮೊದಲ ದಿನವೇ ತಿನ್ನುತ್ತವೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಕ್ಲೌನ್‌ಫಿಶ್‌ಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿರುವಾಗ ಬಂಡೆಗಳಿಂದ ಹಿಡಿದು ತಂದದ್ದನ್ನು ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ. ಈ ಮೀನುಗಳು ಮೊದಲು ಗಂಡಾಗಿ ಬಲಿಯುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹಾಗಾಗಿ ಬೇಕೆಂದೇ ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿದೆ. ಚೀಲದ ನೀರು ಅಳೆದರೆ 27 ಪಿಪಿಟಿ ಇತ್ತು. ಗಾಳಿಕೊಳವೆಗೆ ಗಂಟು ಹಾಕಿ ಹನಿ ಹನಿಯಾಗಿ ನಮ್ಮ ನೀರನ್ನು ಬೆರೆಸುತ್ತಾ ನಿಧಾನವಾಗಿ ಒಗ್ಗಿಸಿದೆ. ಮೊದಲ ನಾಲ್ಕು ವಾರ ಅವನ್ನು ಇಟ್ಟದ್ದು ಬೇರೆ ಪ್ಲಾಸ್ಟಿಕ್ ಟಬ್ಬಿನಲ್ಲಿ. ಬಿಳಿಚುಕ್ಕೆ ರೋಗ ಬಂದರೆ ಕೊಡುವ ತಾಮ್ರದ ಔಷಧ ಸಿಗಡಿ, ಬಸವನಹುಳುಗಳಿಗೆ ವಿಷವಾದ್ದರಿಂದ ದೊಡ್ಡ ಟ್ಯಾಂಕಿನಲ್ಲಿ ಚಿಕಿತ್ಸೆ ಮಾಡುವಂತಿಲ್ಲ.

ಎರಡು ತಿಂಗಳ ನಂತರ ಒಂದು ಕ್ಲೀನರ್ ಸಿಗಡಿ ಬಂತು. ಒಂದು ಬೆಳಿಗ್ಗೆ ಅದು ಕಲ್ಲಿನ ಬುಡದಲ್ಲಿ ಮೀಸೆ ಸಮೇತ ನಿರ್ಜೀವವಾಗಿ ಬಿದ್ದಿತ್ತು. ಚಿಮ್ಮಟದಿಂದ ಎತ್ತಿದರೆ ಟೊಳ್ಳು. ನಿಜವಾದ ಸಿಗಡಿ ಪೊರೆ ಕಳಚಿಟ್ಟು ಕಲ್ಲಿನ ಸಂದಿಯಲ್ಲಿ ಅಡಗಿ ಕುಳಿತಿತ್ತು.

ಆ ವರ್ಷವೇ ಮದುವೆಯೊಂದಕ್ಕೆಂದು ಒಂಬತ್ತು ದಿನ ಕುಮಟಾಕ್ಕೆ ಹೋದೆ. ನಮ್ಮ ಟ್ಯಾಂಕಿನಿಂದ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದದ್ದು ಉಪ್ಪಿಲ್ಲದ ಆರ್‌ಓ ನೀರು. ಕಿಟಕಿ ಪಕ್ಕದ ಕ್ಯಾನಿನಿಂದ ದಿನಕ್ಕೊಂದು ಲೀಟರ್ ಹಾಕಿ ಎಂದು ಅಪ್ಪನಿಗೆ ಹೇಳಿ ಹೊರಟೆ. ಆದರೆ ಹಿಂದಿನ ರಾತ್ರಿ ನೆಲ ಒರೆಸುವಾಗ ಆರ್‌ಓ ನೀರಿನದು, ಉಪ್ಪುನೀರಿನದು ಎಂಬ ಒಂದೇ ಥರದ ಎರಡು ಕ್ಯಾನುಗಳನ್ನು ನಾನೇ ಅದಲುಬದಲು ಮಾಡಿದ್ದೆ. ವಾಪಸ್ಸು ಬಂದ ಸಂಜೆ ಕಲ್ಲಿನ ಬುಡದಲ್ಲಿ ಮತ್ತೆ ಮೀಸೆ ಕಂಡಾಗ ಪೊರೆ ಇರಬೇಕೆಂದು ಸುಮ್ಮನಿದ್ದೆ. ಮರುದಿನ ಎತ್ತಿದಾಗ ಅದು ಟೊಳ್ಳಾಗಿರಲಿಲ್ಲ.

ರಿಫ್ರ್ಯಾಕ್ಟೋಮೀಟರ್ 40 ತೋರಿಸಿತು. ದಿನಕ್ಕೆ 35 ಗ್ರಾಂನಂತೆ ಒಂಬತ್ತು ದಿನ ಹೆಚ್ಚುವರಿ ಉಪ್ಪು. 65 ಲೀಟರಿಗೆ ಲೆಕ್ಕ ಸರಿಯಾಗಿಯೇ ಇತ್ತು. "ನೀನು ಹೇಳಿದ ಕ್ಯಾನಿನಿಂದಲೇ ಹಾಕಿದ್ದೇನೆ ಕಣೋ" ಎಂದು ಅಪ್ಪ ಎರಡು ಸಲ ಹೇಳಿದರು, ಅದು ನಿಜವೇ. ಒಮ್ಮೆಲೇ ಸರಿಪಡಿಸಲು ಹೋದರೆ ಮೀನುಗಳಿಗೆ ಇನ್ನೊಂದು ಆಘಾತ. ದಿನಕ್ಕೆ ಎರಡು ಲೀಟರ್ ತೆಗೆದು ಅಷ್ಟೇ ಆರ್‌ಓ ನೀರು ಹಾಕುತ್ತಾ ನಾಲ್ಕು ದಿನಗಳಲ್ಲಿ 35ರ ಆಸುಪಾಸಿಗೆ ತಂದೆ. ಕ್ಲೌನ್‌ಗಳು ಉಳಿದವು. ಅಂದಿನಿಂದ ಉಪ್ಪುನೀರಿನ ಕ್ಯಾನಿಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿದೆ.

ಈಗ ಭಾನುವಾರಕ್ಕೊಮ್ಮೆ ಏಳು ಲೀಟರ್ ನೀರು ಬದಲಾಯಿಸುತ್ತೇನೆ, ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇಲ್ಲದಿದ್ದರೂ ನೈಟ್ರೇಟ್ ಹತ್ತರ ಒಳಗೇ ಇದೆ. ಟ್ಯಾಂಕಿನಲ್ಲಿರುವುದು ಎರಡು ಕ್ಲೌನ್, ಕಲ್ಲಿನ ಕೆಳಗೆ ಗೂಡು ತೋಡಿಕೊಂಡಿರುವ ಒಂದು ಹಳದಿ ಗೋಬಿ, ನಾಲ್ಕು ಬಸವನಹುಳು, ಹೊಸದೊಂದು ಸಿಗಡಿ. ಮಗಳು ಹಳದಿ ಟ್ಯಾಂಗ್ ಬೇಕೆಂದು ಪ್ರತಿ ತಿಂಗಳೂ ಕೇಳುತ್ತಾಳೆ. ಅದು ಒಂದು ಅಡಿಪಟ್ಟಿಯ ಮೂರರಲ್ಲಿ ಎರಡು ಪಾಲಿನಷ್ಟು ಬೆಳೆಯುವ ಮೀನು. ಪಟ್ಟಿಯನ್ನು ಗಾಜಿಗೆ ಹಿಡಿದು ತೋರಿಸಿದೆ, ಅವಳು ಇನ್ನೂ ಒಪ್ಪಿಲ್ಲ.