ಕಾರನ್ನು ತಗ್ಗಿಸುವ ಮೊದಲು ರಸ್ತೆಯ ಉಬ್ಬನ್ನು ಅಳೆಯಿರಿ

ಬಳ್ಳಾರಿ ದಾಟಿ ಸಿರುಗುಪ್ಪದ ದಾರಿ ಹಿಡಿದರೆ ಎರಡೂ ಬದಿಗೆ ಎರೆ ಭೂಮಿ. ಮಳೆಗಾಲದಲ್ಲಿ ನೀರುಂಡು ಉಬ್ಬುವ, ಬೇಸಿಗೆಯಲ್ಲಿ ಒಣಗಿ ಬಿರಿಯುವ ಆ ಮಣ್ಣಿನ ಮೇಲೆ ಹಾಸಿದ ಡಾಂಬರು ಕೆಲವೇ ವರ್ಷಗಳಲ್ಲಿ ಅಲೆಅಲೆಯಾಗಿ ಏಳುತ್ತದೆ. ಸಂಡೂರಿನ ಕಡೆ ಹೋದರೆ ಅದಿರಿನ ಲಾರಿಗಳ ಭಾರಕ್ಕೆ ಗಾಲಿ ಹಾಯುವ ಜಾಡುಗಳು ಕುಸಿದು, ನಡುವಿನ ಪಟ್ಟಿ ದಿಬ್ಬವಾಗಿ ನಿಂತಿರುವುದು ಕಾಣುತ್ತದೆ. ಇಂಥ ನೆಲದಲ್ಲಿದ್ದೂ ಗಿಡ್ಡ ಸ್ಪ್ರಿಂಗು ಹಾಕಿ ಕಾರನ್ನು ತಗ್ಗಿಸಬೇಕೆನ್ನುವ ಹುಡುಗರ ಆಸೆಯನ್ನು ನಾನು ತಪ್ಪೆನ್ನುವುದಿಲ್ಲ. ಗುರುತ್ವ ಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಗಾಡಿಯ ಓಲಾಟ ನಿಜಕ್ಕೂ ಕಡಿಮೆಯಾಗುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಖಾಲಿ ಜಾಗ ತುಂಬಿ ಅದರ ನಿಲುವು ಕಣ್ಣಿಗೂ ಒಪ್ಪುತ್ತದೆ. ಆದರೆ ಎಷ್ಟು ತಗ್ಗಿಸಬೇಕೆಂಬುದನ್ನು ದಿನವೂ ಓಡಾಡುವ ರಸ್ತೆಯನ್ನು ಅಳೆದು ನಿರ್ಧರಿಸಬೇಕು.

ಲೆಕ್ಕ ಹೀಗಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಕಟ್ಟಿದ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರುತ್ತದೆ, ಅದರ ಬಾಗು 17 ಮೀಟರ್ ತ್ರಿಜ್ಯದ ವೃತ್ತದ ತುಂಡು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2.45 ಮೀಟರ್ ಅಂತರವಿರುವ ಸಣ್ಣ ಕಾರು ಅದರ ಮೇಲೆ ಹಾಯುವಾಗ ನಾಲ್ಕೂ ಗಾಲಿಗಳು ಉಬ್ಬಿನ ಮೇಲೆಯೇ ಇರುವುದರಿಂದ, ಹೊಟ್ಟೆಯ ಕೆಳಗಿನ ಜಾಗದಲ್ಲಿ ಉಬ್ಬು ತಿನ್ನುವುದು ಸುಮಾರು 44 ಮಿ.ಮೀ. ಮಾತ್ರ. ಊರೂರಿನಲ್ಲಿ ಜನರೇ ಹಾಕಿಕೊಂಡ ಕಿರಿದಾದ ಗುಡ್ಡೆಗಳ ಮಾತು ಬೇರೆ: ಅವು ಒಂದು ಗಾಲಿಯಷ್ಟೂ ಅಗಲವಿರುವುದಿಲ್ಲವಾದ್ದರಿಂದ ತಮ್ಮ ಪೂರ್ತಿ ಎತ್ತರವನ್ನೂ ಹೊಟ್ಟೆಯ ಕೆಳಗೆ ತರುತ್ತವೆ. ಈಗ ಖಾಲಿ ಕಾರಿನ ತಳದೆತ್ತರ 165 ಮಿ.ಮೀ. ಎಂದಿಟ್ಟುಕೊಳ್ಳಿ. 30 ಮಿ.ಮೀ. ತಗ್ಗಿಸಿದರೆ 135 ಉಳಿಯಿತು. ಮನೆಮಂದಿ ಕುಳಿತು ಇನ್ನೊಂದು 35 ಇಳಿದರೆ 100. ಮಾನದಂಡದ ಉಬ್ಬನ್ನು ಇದು ನಿರಾಯಾಸವಾಗಿ ದಾಟುತ್ತದೆ, 12 ಸೆಂ.ಮೀ.ನ ಗುಡ್ಡೆಗೆ ಮಾತ್ರ ಎಂಜಿನ್ ಎಣ್ಣೆಯ ಚೇಂಬರ್ ಉಜ್ಜುತ್ತದೆ. 50 ಮಿ.ಮೀ. ತಗ್ಗಿಸಿದವರಿಗೆ ಉಳಿಯುವುದು 80 ಮಿ.ಮೀ. ಆದ್ದರಿಂದ ನಮ್ಮ ಭಾಗದಲ್ಲಿ 25ರಿಂದ 30 ಮಿ.ಮೀ. ಮೀರಬಾರದೆಂದು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಬೀದಿಯ ಅತಿ ಕೆಟ್ಟ ಗುಡ್ಡೆಯ ಪಕ್ಕ ಒಂದು ಉದ್ದನೆಯ ಪಟ್ಟಿ ಮತ್ತು ಟೇಪು ಹಿಡಿದು ಐದು ನಿಮಿಷ ಕುಳಿತರೆ ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು.

ಕಾನೂನಿನ ವಿಷಯವನ್ನೂ ಮೊದಲೇ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ನಿನ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಬಿಡಿಭಾಗ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ.

ಇನ್ನು ಸ್ಪ್ರಿಂಗು. ಹಳೆಯ ಸ್ಪ್ರಿಂಗಿನ ಒಂದೆರಡು ಸುತ್ತುಗಳನ್ನು ಗ್ಯಾಸ್ ಕಟ್ಟಿಂಗಿನಲ್ಲಿ ಕತ್ತರಿಸಿ ತಗ್ಗಿಸುವವರು ಇಂದಿಗೂ ಇದ್ದಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಉರಿ ತಾಗಿದ ಉಕ್ಕು ತನ್ನ ಹದ ಕಳೆದುಕೊಂಡು ಆ ಜಾಗದಲ್ಲಿ ಮುರಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಗಾಲಿ ಜೋತು ಬಿದ್ದಾಗ ಗಿಡ್ಡವಾದ ಸ್ಪ್ರಿಂಗು ತನ್ನ ಬಟ್ಟಲಿನಿಂದ ಜಾರಿ ಹೊರಬರಬಹುದು. ನಿಮ್ಮ ಮಾದರಿಯ ಕಾರಿಗೆಂದೇ ತಯಾರಾದ ತಗ್ಗು ಸ್ಪ್ರಿಂಗು ಗಿಡ್ಡವಾಗಿರುವಷ್ಟೇ ಬಿಗಿಯಾಗಿಯೂ ಇರುತ್ತದೆ. ಚಲನೆಗೆ ಉಳಿದ ಜಾಗ ಕಡಿಮೆಯಾದ್ದರಿಂದ ಆ ಬಿಗಿ ಬೇಕೇಬೇಕು. ಶಾಕ್ ಅಬ್ಸಾರ್ಬರ್ ಹಳತಾಗಿ ಎಣ್ಣೆ ಜಿನುಗುತ್ತಿದ್ದರೆ ಹೊಸ ಸ್ಪ್ರಿಂಗಿನ ಜೊತೆಗೇ ಅದನ್ನೂ ಬದಲಿಸಿ. ಅದರ ಕಡ್ಡಿಯ ಮೇಲಿನ ರಬ್ಬರ್ ಕವಚ ಹರಿದಿದ್ದರೆ ಹಾಗೆಯೇ ಬಿಡಬೇಡಿ, ಏಕೆಂದರೆ ಅದಿರಿನ ಕೆಂಪು ಧೂಳು ಮರಳುಕಾಗದದಂತೆ ಸೀಲನ್ನು ತಿನ್ನುತ್ತದೆ.

ಕೆಲಸ ಆರಂಭಿಸುವ ಮೊದಲು ನಾಲ್ಕೂ ಕಡೆ ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾತ್ರ ಮತ್ತು ಗಾಳಿ ಲೆಕ್ಕವನ್ನು ಕೆಡಿಸುತ್ತವೆ. ಕಾರನ್ನು ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಬೇಕು. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲುಗಳು ಹೂತು ಗಾಡಿ ವಾಲುತ್ತದೆ. ಜಾಕ್ ಎತ್ತುವುದಕ್ಕೆ ಮಾತ್ರ. ಮೈ ಒಳಗೆ ಹಾಕುವಾಗ ಕಾರು ಸ್ಟ್ಯಾಂಡುಗಳ ಮೇಲೆಯೇ ಇರಬೇಕು.

ಮುಂದಿನ ಸ್ಟ್ರಟ್ (ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿ ಕೂಡಿದ ಕಂಬ) ಬಿಚ್ಚುವಾಗ ಮೊದಲು ಬ್ರೇಕ್ ಪೈಪು ಮತ್ತು ಎಬಿಎಸ್ ವೈರಿನ ಹಿಡಿಕೆಗಳನ್ನು, ಬಳಿಕ ಓಲಾಟ ತಡೆಯುವ ಸರಳಿನ ಕೊಂಡಿಯಾದ ಸ್ಟೆಬಿಲೈಸರ್ ಲಿಂಕನ್ನು ಕಳಚಿ. ಸ್ಟ್ರಟ್ಟನ್ನು ಗಾಲಿ ಹೊತ್ತ ಲೋಹದ ತುಂಡಾದ ನಕಲ್‌ಗೆ ಹಿಡಿದಿರುವ ಎರಡು ಬೋಲ್ಟುಗಳನ್ನು ಬಿಚ್ಚುವ ಮೊದಲು ಅವುಗಳ ಸ್ಥಾನಕ್ಕೆ ಬಣ್ಣದ ಗುರುತು ಹಾಕಿ. ನಕಲ್ ಹೊರಕ್ಕೆ ಜೋತು ಬೀಳದಂತೆ ತಂತಿಯಿಂದ ಕಟ್ಟಿ, ಇಲ್ಲದಿದ್ದರೆ ಡ್ರೈವ್ ಶಾಫ್ಟಿನ ಒಳಕೀಲು ಕಳಚಿಕೊಳ್ಳುತ್ತದೆ. ಮೇಲಿನ ನಟ್ಟುಗಳನ್ನು ಕೊನೆಗೆ, ಒಬ್ಬರು ಕೆಳಗಿನಿಂದ ಹಿಡಿದುಕೊಂಡಿರುವಾಗ ಬಿಚ್ಚಬೇಕು. ಇಲ್ಲಿಂದ ಮುಂದೆ ಅವಸರ ಸಲ್ಲದು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಂಡಿಗಳನ್ನು ಎದುರುಬದುರಾಗಿ ಹಾಕಿ, ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ಸ್ಪ್ರಿಂಗು ತನ್ನ ಬಟ್ಟಲಲ್ಲಿ ಸಡಿಲವಾಗಿ ಅಲುಗಾಡುವುದು ಕಂಡ ಮೇಲೆಯೇ ಶಾಕ್ ಕಡ್ಡಿಯ ನಡುನಟ್ಟನ್ನು ಬಿಚ್ಚಬೇಕು. ಅದಕ್ಕೆ ಮೊದಲೇ ಆ ನಟ್ಟು ಬಿಚ್ಚಿದರೆ ಸ್ಪ್ರಿಂಗಿನಲ್ಲಿ ಅದುಮಿಟ್ಟ ಬಲವೆಲ್ಲ ಒಮ್ಮೆಗೇ ಸಿಡಿಯುತ್ತದೆ. ಈ ಉಪಕರಣದ ಅನುಭವವಿಲ್ಲದವರು ಈ ಒಂದು ಹಂತವನ್ನು ಗ್ಯಾರೇಜಿಗೆ ಒಯ್ದು ಮಾಡಿಸಿಕೊಳ್ಳಲಿ. ಸ್ಪ್ರಿಂಗು ಪೂರ್ತಿ ಅದುಮಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪನ್ನು ಸ್ಪ್ರಿಂಗ್ ತಯಾರಕರು ಹೇಳಿದಷ್ಟು ಮಾತ್ರ ಮೊಟಕುಗೊಳಿಸಬಹುದು, ಪೂರ್ತಿ ತೆಗೆಯುವಂತಿಲ್ಲ.

ಹಿಂದಿನ ಕೆಲಸ ಸಣ್ಣದು. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂಬದಿಗೆ ಒಂದೇ ತೊಲೆ ಇರುತ್ತದೆ. ಅದಕ್ಕೆ ಜಾಕ್ ಆನಿಸಿ, ಶಾಕ್‌ಗಳ ಕೆಳಗಿನ ಬೋಲ್ಟುಗಳನ್ನು ತೆಗೆದು, ಬ್ರೇಕ್ ಪೈಪು ಜಗ್ಗದಂತೆ ನಿಧಾನವಾಗಿ ಇಳಿಸಿದರೆ ಸ್ಪ್ರಿಂಗು ಕೈಗೆ ಬರುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಗಾಲಿ ಗಾಳಿಯಲ್ಲಿ ಜೋತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ರಬ್ಬರ್ ಬುಷ್ ತನ್ನ ಲೋಹದ ಕೊಳವೆಗೆ ಅಂಟಿಕೊಂಡಿರುತ್ತದೆ. ಜೋತ ಸ್ಥಿತಿಯಲ್ಲಿ ಬಿಗಿದರೆ ಕಾರು ನೆಲಕ್ಕಿಳಿದಾಗ ಅದು ತಿರುಚಿಕೊಂಡೇ ಕುಳಿತು, ದಿನವೂ ತಿರುಚಿದ ಸ್ಥಿತಿಯಲ್ಲೇ ದುಡಿದು ಬಿರಿಯುತ್ತದೆ. ನನ್ನ ಮೊದಲ ಕಾರಿನಲ್ಲಿ ಒಂದು ಗ್ಯಾರೇಜಿನವರು ಹೀಗೆಯೇ ಬಿಗಿದುಕೊಟ್ಟಿದ್ದರು. ಕೆಲವೇ ತಿಂಗಳಲ್ಲಿ ಲೋವರ್ ಆರ್ಮಿನ ಎರಡೂ ಬುಷ್ ಹರಿದು, ಬ್ರೇಕ್ ಹಾಕಿದಾಗಲೆಲ್ಲ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿತ್ತು. ಗಾಲಿಗಳಿಗೆ ಭಾರ ಬಿದ್ದ ಮೇಲೆ, ಕಾರನ್ನು ಒಂದೆರಡು ಬಾರಿ ಅದುಮಿ ಕುಲುಕಿಸಿ, ನಂತರ ಟಾರ್ಕ್ ವ್ರೆಂಚಿನಿಂದ ಬಿಗಿಯುವುದು ಸರಿಯಾದ ಕ್ರಮ.

ಅಲಾಯ್ ವೀಲ್ ಬದಲಿಸುವವರಿಗೆ ಆಫ್‌ಸೆಟ್ಟಿನ ಲೆಕ್ಕ ಬರಲೇಬೇಕು. ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ (ಚಕ್ರವನ್ನು ಬಿಗಿಯುವ ನಡುಭಾಗಕ್ಕೆ) ತಾಗುವ ಮುಖದವರೆಗಿನ ದೂರವೇ ಆಫ್‌ಸೆಟ್. ಆ ಸಂಖ್ಯೆ ಹೆಚ್ಚಾದಷ್ಟೂ ಚಕ್ರ ಒಳಗೆ ಕೂರುತ್ತದೆ. 6 ಇಂಚು ಅಗಲದ, 45 ಆಫ್‌ಸೆಟ್ಟಿನ ರಿಮ್ ತೆಗೆದು 7 ಇಂಚಿನ, 40 ಆಫ್‌ಸೆಟ್ಟಿನ ರಿಮ್ ಹಾಕಿದರೆ, ಹೆಚ್ಚಿದ ಒಂದು ಇಂಚಿನ ಅರ್ಧ, ಅಂದರೆ 12.7 ಮಿ.ಮೀ. ಎರಡೂ ಕಡೆಗೆ ಚಾಚುತ್ತದೆ. ಆಫ್‌ಸೆಟ್ ಇಳಿದ 5 ಮಿ.ಮೀ. ಹೊರಕ್ಕೆ ಸೇರಿ, ಒಳಗಿನಿಂದ ಕಳೆಯುತ್ತದೆ. ಹೀಗಾಗಿ ಚಕ್ರ ಹೊರಕ್ಕೆ 17.7, ಸ್ಟ್ರಟ್ಟಿನ ಕಡೆಗೆ 7.7 ಮಿ.ಮೀ. ಸರಿಯುತ್ತದೆ. ಈ ಎರಡು ಅಂಕಿಗಳನ್ನು ಕೈಯಲ್ಲಿ ಹಿಡಿದು ಈಗಿನ ಅಂತರಗಳನ್ನು ಅಳೆದರೆ, ದುಡ್ಡು ಕೊಡುವ ಮೊದಲೇ ಉತ್ತರ ಸಿಗುತ್ತದೆ. ಹಬ್ಬಿನ ರಂಧ್ರದ ಅಳತೆ ಹೊಂದದಿದ್ದರೆ ಸರಿಯಾದ ಉಂಗುರ ಹಾಕಬೇಕು. ನಟ್ಟಿನ ಬುಡ ಶಂಕುವಿನಾಕಾರದ್ದೋ ಗುಂಡಾಗಿದೆಯೋ ನೋಡಿಕೊಂಡು ರಿಮ್ಮಿಗೆ ಹೊಂದುವುದನ್ನೇ ಕೊಳ್ಳಬೇಕು.

ಟೈರಿನ ಒಟ್ಟು ವ್ಯಾಸ ಮೂಲದ ಹತ್ತಿರವೇ ಇರಲಿ. 185/65 ಆರ್15 ಟೈರಿನ (185 ಮಿ.ಮೀ. ಅಗಲ, ಅದರ ಶೇ. 65ರಷ್ಟು ಪಕ್ಕೆಯ ಎತ್ತರ, 15 ಇಂಚಿನ ರಿಮ್) ವ್ಯಾಸ 621.5 ಮಿ.ಮೀ.; 195/55 ಆರ್16 ಹಾಕಿದರೆ 620.9. ಇವೆರಡರ ನಡುವೆ ಸ್ಪೀಡೋಮೀಟರಿಗೆ ವ್ಯತ್ಯಾಸವೇ ತಿಳಿಯದು. 205/45 ಆರ್17 ಕೂಡ 616ರ ಹತ್ತಿರ ಬರುತ್ತದೆ, ಆದರೆ ಅದರ ಪಕ್ಕೆಯ ಎತ್ತರ 120 ಮಿ.ಮೀ.ನಿಂದ 92ಕ್ಕೆ ಇಳಿದಿರುತ್ತದೆ. ಗುಂಡಿಗೆ ಬಿದ್ದಾಗ ರಿಮ್ ಬಾಗುವುದು ಇಂಥ ಟೈರಿನಲ್ಲಿ, ಆದ್ದರಿಂದ ನನ್ನ ಆಯ್ಕೆ 16 ಇಂಚು. ಟೈರು ಹೊರಬಲ್ಲ ಭಾರದ ಸೂಚ್ಯಂಕ ಮಾತ್ರ ಮೂಲಕ್ಕಿಂತ ಕಡಿಮೆ ಇರಬಾರದು.

ಜೋಡಣೆ ಮುಗಿದ ಮೇಲೆ ಪರೀಕ್ಷೆ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ನಾಲ್ಕು ಜನರನ್ನು ಕೂರಿಸಿ, ಒಂದು ಮುಂಗಾಲಿಯನ್ನೂ ಅದರ ಕರ್ಣದ ಹಿಂಗಾಲಿಯನ್ನೂ ಹಲಗೆಗಳ ಮೇಲೆ ಹತ್ತಿಸಿ, ಟೈರು ಎಲ್ಲಾದರೂ ತಾಗುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಚಕ್ರದ ಮೇಲಿನ ಕಮಾನಿನೊಳಗಿನ ಪ್ಲಾಸ್ಟಿಕ್ ಹೊದಿಕೆಗೆ ಸುಣ್ಣ ಹಚ್ಚಿ ಒಂದು ಸುತ್ತು ಓಡಿಸಿದರೆ ಉಜ್ಜಿದ ಜಾಗ ತಾನೇ ತೋರುತ್ತದೆ. ನಂತರ ಅಲೈನ್‌ಮೆಂಟ್. ಕಾರು ತಗ್ಗಿದಾಗ ಸ್ಟ್ರಟ್ ಇರುವ ಮುಂಗಾಲಿಗಳ ಮೇಲ್ತುದಿ ಸಾಮಾನ್ಯವಾಗಿ ಒಳಕ್ಕೆ ವಾಲುತ್ತದೆ, ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ ಕೂಡ ಬದಲಾಗುತ್ತದೆ. ಟೈರಿನ ಒಳ ಅಂಚನ್ನು ಬೇಗ ತಿನ್ನುವುದು ಬಹುತೇಕ ಟೋ. ಎಡಬಲಗಳ ಕ್ಯಾಂಬರ್, ಅಂದರೆ ಗಾಲಿಯ ಮೇಲ್ತುದಿಯ ವಾಲು, ಹೊಂದದಿದ್ದರೆ ನಕಲ್‌ನ ಮೇಲಿನ ಬೋಲ್ಟಿನ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿಸಬಹುದು. ಹಿಂಬದಿ ಮುಂಬದಿಗಿಂತ ಹೆಚ್ಚು ಇಳಿದಿದ್ದರೆ ಹೆಡ್‌ಲೈಟು ಮೇಲಕ್ಕೆ ನೋಡುತ್ತದೆ. ರಾತ್ರಿ ಎದುರು ಬರುವ ಬೈಕಿನವನ ಕಣ್ಣಿಗೆ ಅದು ನೇರವಾಗಿ ಹೊಡೆಯುವುದರಿಂದ ಗೋಡೆಗೆ ಬೆಳಕು ಹಾಯಿಸಿ ಅಂದೇ ಸರಿಪಡಿಸಿಕೊಳ್ಳಿ.

ಸುಗ್ಗಿಯಲ್ಲಿ ಗಂಗಾವತಿ, ಸಿಂಧನೂರು ಕಡೆ ಹೋಗುವವರಿಗೆ ಇನ್ನೊಂದು ಮಾತು. ರಸ್ತೆಯ ಮೇಲೆ ಹರಡಿದ ಹುಲ್ಲು ತಗ್ಗಿದ ಕಾರಿನ ತಳಕ್ಕೆ ಸುಲಭವಾಗಿ ಸಿಕ್ಕಿ, ಕಾದ ಸೈಲೆನ್ಸರಿನ ಕೊಳವೆಗೆ ಸುತ್ತಿಕೊಂಡರೆ ಹೊತ್ತಿಕೊಳ್ಳಬಲ್ಲದು. ದಾಟಿದ ಮೇಲೆ ನಿಲ್ಲಿಸಿ ಒಮ್ಮೆ ಬಗ್ಗಿ ನೋಡಿ.

100 ಕಿ.ಮೀ. ಓಡಿದ ಬಳಿಕ ಗಾಲಿಯ ನಟ್ಟುಗಳನ್ನು ಕೈಪಿಡಿ ಹೇಳಿದ ಟಾರ್ಕಿಗೆ ಮತ್ತೆ ಬಿಗಿದು, 500 ಕಿ.ಮೀ. ಆದ ಮೇಲೆ ಮೊದಲು ಬರೆದಿಟ್ಟ ನಾಲ್ಕು ಅಳತೆಗಳ ಪಕ್ಕದಲ್ಲಿ ಹೊಸ ಅಳತೆಗಳನ್ನು ಬರೆಯಿರಿ. ಸ್ಪ್ರಿಂಗುಗಳು ಇನ್ನೂ ಕೆಲವು ಮಿ.ಮೀ. ಕುಳಿತಿದ್ದರೆ ಅಲೈನ್‌ಮೆಂಟನ್ನು ಇನ್ನೊಮ್ಮೆ ಮಾಡಿಸಬೇಕಾಗುತ್ತದೆ.